ಮಾರ್ಲೆನ್ ಹೌಸ್‌ಹೋಫರ್: ಅಡುಗೆಮನೆಯ ಮೇಜಿನ ಮೇಲೆ ಬರೆದ ‘ಗೋಡೆ’

ಸಂಜೆಮಲ್ಲಿಗೆ

ಆಸ್ಟ್ರಿಯಾದ ಕಾದಂಬರಿಕಾರರು ಅಂದರೆ ನಮ್ಮಲ್ಲಿ ಹೆಚ್ಚಿನವರು ಸ್ಟೆಫಾನ್ ತ್ಸ್ವೈಗ್ ಹೆಸರು ಹೇಳುತ್ತಾರೆ. ಇನ್ನಷ್ಟು ಓದಿಕೊಂಡವರು ಮೂಸಿಲ್, ಯೋಸೆಫ್ ರೋಟ್, ಬರ್ನ್‌ಹಾರ್ಡ್ ಅನ್ನುತ್ತಾರೆ. ಮಾರ್ಲೆನ್ ಹೌಸ್‌ಹೋಫರ್ ಹೆಸರನ್ನು ಇಲ್ಲಿ ಯಾರೂ ಎತ್ತಿದ್ದು ನಾನು ನೋಡಿಲ್ಲ. ಎರಡು ವರ್ಷದಿಂದ ಈಕೆಯನ್ನೇ ಓದುತ್ತಿದ್ದೇನೆ, ಮೊದಲು ಇಂಗ್ಲಿಷಿನಲ್ಲಿ, ಈಗ ತಡವರಿಸುತ್ತ ಜರ್ಮನ್ನಿನಲ್ಲಿ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಹುಟ್ಟಿದ್ದು 1920ರ ಏಪ್ರಿಲ್ 11ರಂದು, ಉತ್ತರ ಆಸ್ಟ್ರಿಯಾದ ಬೆಟ್ಟಸೀಮೆಯ ಫ್ರೌವೆನ್‌ಸ್ಟೈನ್‌ನಲ್ಲಿ. ಅಪ್ಪ ಫಾರೆಸ್ಟರ್. ಅಮ್ಮ ಮದುವೆಗೆ ಮುಂಚೆ ಸಿರಿವಂತ ಮನೆತನದ ಹೆಂಗಸಿನ ಸೇವಕಿಯಾಗಿದ್ದವಳು. ಕಾಡಿನ ನಡುವಿನ ಮನೆ, ನಾಯಿ, ಬೇಟೆಗಾರರು, ಹಳ್ಳ. ಹತ್ತನೇ ವಯಸ್ಸಿಗೆ ಅದನ್ನೆಲ್ಲ ಬಿಟ್ಟು ಲಿಂಟ್ಸ್ ಪಟ್ಟಣದಲ್ಲಿ ಉರ್ಸುಲೈನ್ ಸನ್ಯಾಸಿನಿಯರು ನಡೆಸುತ್ತಿದ್ದ ವಸತಿಶಾಲೆಗೆ ಹೋಗಬೇಕಾಯಿತು. ಮುಂದೆ 1966ರಲ್ಲಿ ಬರೆದ ‘ಎಲ್ಲೂ ಕೊನೆಯಾಗದ ಆಕಾಶ’ ಎಂಬ ಕಾದಂಬರಿಯಲ್ಲಿ ಮೇಟಾ ಎಂಬ ಪುಟ್ಟ ಹುಡುಗಿಯ ಕಣ್ಣಿಂದ ಆ ಕಾಡುಮನೆಯನ್ನು ಮತ್ತೆ ಕಟ್ಟಿದ್ದಾಳೆ. ಆಕೆಯ ಪುಸ್ತಕಗಳಲ್ಲಿ ಬಿಸಿಲು ಬೀಳುವುದು ಬಹುಶಃ ಅದೊಂದರಲ್ಲೇ.

1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡ. ಸನ್ಯಾಸಿನಿಯರ ಶಾಲೆ ಮುಚ್ಚಿತು. ಬೇರೆ ಶಾಲೆಯಲ್ಲಿ ಓದು ಮುಗಿಸಿದ ಕೂಡಲೇ ಕಡ್ಡಾಯ ಶ್ರಮಸೇವೆಗೆಂದು ಪೂರ್ವ ಪ್ರಷ್ಯಾಕ್ಕೆ ಕಳಿಸಿದರು. 1940ರಲ್ಲಿ ವಿಯೆನ್ನಾದಲ್ಲಿ ಜರ್ಮನ್ ಸಾಹಿತ್ಯ ಓದಲು ಸೇರಿದಳು. 1941ರಲ್ಲಿ ಮದುವೆಯಾಗದೆ ಒಂದು ಮಗುವಾಯಿತು. ಕೂಸಿನ ತಂದೆಯ ಜೊತೆ ಸಂಬಂಧ ಉಳಿಯಲಿಲ್ಲ. ಮಗುವನ್ನು ಮೊದಲ ಕೆಲವು ವರ್ಷ ಬವೇರಿಯಾದಲ್ಲಿ ಗೆಳತಿಯ ತಾಯಿ ಸಾಕಿದರು. ಅದೇ ವರ್ಷ ಮಾನ್‌ಫ್ರೆಡ್ ಹೌಸ್‌ಹೋಫರ್ ಎಂಬ ವೈದ್ಯವಿದ್ಯಾರ್ಥಿಯ ಜೊತೆ ಮದುವೆ, 1943ರಲ್ಲಿ ಎರಡನೇ ಮಗ. ಯುದ್ಧ ಮುಗಿದು 1947ರಲ್ಲಿ ಸಂಸಾರ ಶ್ಟೈಯರ್ ಎಂಬ ಕಾರ್ಖಾನೆ ಪಟ್ಟಣಕ್ಕೆ ಬಂತು. ಗಂಡ ಹಲ್ಲಿನ ಡಾಕ್ಟರು. ಈಕೆ ಕ್ಲಿನಿಕ್ಕಿನಲ್ಲಿ ಕೈಜೋಡಿಸುತ್ತ, ಮನೆ ನೋಡಿಕೊಳ್ಳುತ್ತ, ಮನೆಯವರೆಲ್ಲ ಏಳುವ ಮುಂಚೆ ಅಡುಗೆಮನೆಯ ಮೇಜಿನ ಮೇಲೆ ಕೈಬರಹದಲ್ಲಿ ಕತೆ ಬರೆಯುತ್ತಿದ್ದಳು.

1950ರಲ್ಲಿ ಗಂಡ ಹೆಂಡತಿ ವಿಚ್ಛೇದನ ಪಡೆದರು, ಆದರೆ ಹೊರಗೆ ಗೊತ್ತಾಗಗೊಡಲಿಲ್ಲ. ಒಂದೇ ಮನೆಯಲ್ಲಿ ಹಾಗೇ ಬದುಕಿ 1958ರಲ್ಲಿ ಮತ್ತೆ ಒಬ್ಬರನ್ನೊಬ್ಬರು ಮದುವೆಯಾದರು. ಆ ಎಂಟು ವರ್ಷಗಳಲ್ಲಿ ಆಕೆ ಎಷ್ಟು ಬರೆದಿದ್ದಾಳೆ ನೋಡಿ. 1952ರಲ್ಲಿ ‘ಐದನೆಯ ವರ್ಷ’, ಅದರ ಮರುವರ್ಷ ಹೊಸ ಬರಹಗಾರರಿಗೆ ಕೊಡುವ ಸರ್ಕಾರಿ ಬಹುಮಾನ. 1955ರಲ್ಲಿ ‘ಒಂದು ಹಿಡಿ ಬದುಕು’. 1957ರಲ್ಲಿ ‘ಗೋಡೆಕಾಗದದ ಬಾಗಿಲು’. 1958ರಲ್ಲಿ ‘ಸ್ಟೆಲ್ಲಾಳನ್ನು ನಾವು ಕೊಲ್ಲುತ್ತೇವೆ’. 1963ರಲ್ಲಿ ಬಂದದ್ದು ‘ದೀ ವಾಂಟ್’, ಅಂದರೆ ‘ಗೋಡೆ’. ಆ ವರ್ಷ ಅದಕ್ಕೆ ಆಸ್ಟ್ರಿಯಾದ ಹಳೆಯ ಲೇಖಕ ಶ್ನಿಟ್ಸ್ಲರ್ ಹೆಸರಿನ ಪ್ರಶಸ್ತಿಯೂ ಬಂತು. ಆದರೂ ಪುಸ್ತಕ ಬಹಳ ಜನರ ಕೈಗೆ ಹೋಗಲಿಲ್ಲ. 1970ರ ಮಾರ್ಚ್ 21ರಂದು ಮೂಳೆ ಕ್ಯಾನ್ಸರಿನಿಂದ ತೀರಿಕೊಂಡಾಗ ಐವತ್ತು ತುಂಬಲು ಮೂರೇ ವಾರ ಬಾಕಿ ಇತ್ತು. ಎಂಬತ್ತರ ದಶಕದಲ್ಲಿ ಹೆಣ್ಣುಮಕ್ಕಳ ಚಳವಳಿಯವರು ‘ಗೋಡೆ’ಯನ್ನು ಮತ್ತೆ ಹುಡುಕಿ ತೆಗೆದರು. 2012ರಲ್ಲಿ ಸಿನಿಮಾ ಆಯಿತು.

ಓದಿದವರು ಇದ್ದರೆ ಮಾತಾಡಿ. ‘ಗೋಡೆ’ಯ ಮೊದಲ ಪುಟಗಳನ್ನು ಕನ್ನಡಕ್ಕೆ ತರಲು ಕೂತಿದ್ದೇನೆ, ನನ್ನ ಸಮಾಧಾನಕ್ಕೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಆಮೇಲೆ ಕೇಳುತ್ತೇನೆ.

ಓದುಮರುಳ

ಮೇಡಂ, ಕತೆ ಏನು ಅಂತ ಎರಡು ಮಾತು ಹೇಳಿದ್ದರೆ ಓದದವರಿಗೂ ಅನುಕೂಲವಾಗುತ್ತಿತ್ತು. ನಾನೇ ಹೇಳುತ್ತೇನೆ.

ನಲವತ್ತು ದಾಟಿದ ಹೆಂಗಸು, ಹೆಸರಿಲ್ಲ. ಸಂಬಂಧಿ ಲೂಯಿಸೆ ಮತ್ತು ಅವಳ ಗಂಡ ಹ್ಯೂಗೋ ಜೊತೆ ಬೆಟ್ಟದ ಬೇಟೆಮನೆಗೆ ಹೋಗುತ್ತಾಳೆ. ಸಂಜೆ ಆ ಇಬ್ಬರೂ ಕೆಳಗಿನ ಹಳ್ಳಿಗೆ ಹೋದವರು ವಾಪಸ್ ಬರುವುದಿಲ್ಲ. ಬೆಳಿಗ್ಗೆ ಅವರನ್ನು ಹುಡುಕಿಕೊಂಡು ಹೊರಟಾಗ ಕಣಿವೆಯ ದಾರಿಯಲ್ಲಿ ನಾಯಿಯ ಮೂತಿ ಏನಕ್ಕೋ ಬಡಿಯುತ್ತದೆ. ಕಣ್ಣಿಗೆ ಕಾಣದ ಗೋಡೆ. ಆಚೆ ಕಡೆ ಒಬ್ಬ ಮುದುಕ ನೀರಿನ ಹತ್ತಿರ ಬೊಗಸೆ ಒಡ್ಡಿಕೊಂಡು ಕಲ್ಲಾಗಿ ನಿಂತಿದ್ದಾನೆ. ಈಚೆ ಕಡೆ ಆಕೆ, ನಾಯಿ, ಒಂದು ಹಸು, ಒಂದು ಬೆಕ್ಕು. ಎರಡೂವರೆ ವರ್ಷದ ಬದುಕನ್ನು ಆಕೆ ಹಳೇ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಬರೆಯುತ್ತಾಳೆ. ನವೆಂಬರ್ 5ಕ್ಕೆ ಶುರು, ಫೆಬ್ರವರಿ 25ಕ್ಕೆ ಮುಕ್ತಾಯ, ಕಾಗದ ಮುಗಿದ ಮೇಲೆ. ಅಧ್ಯಾಯಗಳಿಲ್ಲ.

ನನ್ನ ಓದು ಇಷ್ಟು. 1961ರಲ್ಲಿ ಬರ್ಲಿನ್ ಗೋಡೆ ಎದ್ದಿತು, 1962ರಲ್ಲಿ ಕ್ಯೂಬಾ ಬಿಕ್ಕಟ್ಟು. ಹ್ಯೂಗೋ ಕೂಡ ಅಣುಯುದ್ಧದ ಭಯದಲ್ಲಿ ಬೇಟೆಮನೆಯಲ್ಲಿ ಸಾಮಾನು ತುಂಬಿಟ್ಟವನು. ಹಾಗಾಗಿ ಇದು ಮೊದಲು ಶೀತಲ ಸಮರದ ಕಾದಂಬರಿ. ಹೆಣ್ಣಿನ ಏಕಾಂತ, ಪ್ರಕೃತಿ, ಇವೆಲ್ಲ ನಂತರದವರು ಅಂಟಿಸಿದ್ದು ಅನಿಸುತ್ತದೆ.

ನವಿಲುಗರಿ

ಓದುಮರುಳ ಸರ್, ಹ್ಯೂಗೋ ತುಂಬಿಟ್ಟ ಸಾಮಾನು ಕತೆಗೆ ಬೇಕಾಗಿದ್ದು ಬೆಂಕಿಪೆಟ್ಟಿಗೆ ಒದಗಿಸಲು. ಇಡೀ ಪುಸ್ತಕದಲ್ಲಿ ಬೆಂಕಿಕಡ್ಡಿ ಎಣಿಸುವ ಚಿಂತೆ ಎಷ್ಟಿದೆ, ಯುದ್ಧದ ಚಿಂತೆ ಎಷ್ಟಿದೆ, ತೂಗಿ ನೋಡಿ. ಗೋಡೆ ಯಾರು ಕಟ್ಟಿದರು ಎಂದು ಆಕೆ ಕೆಲವು ಸಾಲು ಯೋಚಿಸಿ ಬಿಟ್ಟುಬಿಡುತ್ತಾಳೆ. ಬಿಡದೆ ಯೋಚಿಸುವುದು ಆಲೂಗಡ್ಡೆ ಮೊಳಕೆ ಬರುತ್ತದೋ ಇಲ್ಲವೋ, ಹುಲ್ಲು ಒಣಗುವ ಮುಂಚೆ ಮಳೆ ಬಂದರೆ ಏನು ಗತಿ, ಹಲ್ಲುನೋವು ತಡೆಯುವುದು ಹೇಗೆ ಎಂದು.

‘ನಂತರದವರು ಅಂಟಿಸಿದ್ದು’ ಅನ್ನುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಉಳಿದ ಪುಸ್ತಕ ಓದಿ. ‘ಸ್ಟೆಲ್ಲಾ’ದಲ್ಲಿ ಅನ್ನಾ ಎಂಬ ಗೃಹಿಣಿ, ಗಂಡ ವಕೀಲ. ಮನೆಯಲ್ಲಿ ಇರಲು ಬಂದ ಹತ್ತೊಂಬತ್ತರ ಹುಡುಗಿಯನ್ನು ಆತ ಬಳಸಿ ಬಿಡುತ್ತಾನೆ. ಹುಡುಗಿ ಲಾರಿಗೆ ಸಿಕ್ಕಿ ಸಾಯುತ್ತಾಳೆ. ಎಲ್ಲ ಗೊತ್ತಿದ್ದೂ ಅನ್ನಾ ಬಾಯಿ ಬಿಟ್ಟಿರಲಿಲ್ಲ. ಗಂಡ ಮಕ್ಕಳು ಊರಿಗೆ ಹೋದ ಎರಡು ದಿನ ಕಿಟಕಿ ಪಕ್ಕ ಕೂತು ಬರೆಯುತ್ತಾಳೆ, ಹೊರಗೆ ಗೂಡಿನಿಂದ ಬಿದ್ದ ಹಕ್ಕಿಮರಿ ತಾಯಿಗಾಗಿ ಕೂಗುತ್ತಿರುತ್ತದೆ. ಶೀರ್ಷಿಕೆಯಲ್ಲಿ ‘ಅವನು’ ಅಂತ ಇಲ್ಲ, ‘ನಾವು’ ಅಂತ ಇದೆ. ತನ್ನಂಥ ಹೆಂಗಸರ ಸುಮ್ಮನಿರುವಿಕೆಯನ್ನೇ ಆ ‘ನಾವು’ ಒಳಗೆ ಸೇರಿಸಿದ ಧೈರ್ಯ ದೊಡ್ಡದು. ಐದು ವರ್ಷ ಮುಂಚೆ ಅದನ್ನು ಬರೆದವಳು ‘ಗೋಡೆ’ ಬರೆಯುವಾಗ ಮನೆ, ಗಂಡಸು, ಹೆಂಗಸು ಎಲ್ಲವನ್ನೂ ಮರೆತು ಬರ್ಲಿನ್ ಬಗ್ಗೆ ಬರೆದಳು ಅಂದರೆ ನಂಬುವುದು ಕಷ್ಟ.

ಜ್ವಾಳದರೊಟ್ಟಿ

ನಾ ಈ ಕಾದಂಬರಿ ಓದಿ ಮುಗಿಸಿ ಹದಿನೈದ ದಿನಾ ಆತು. ಆ ನಾಯಿ ಇನ್ನೂ ತಲಿಯಿಂದ ಹೋಗವಲ್ದು. ನಾಯಿ ಸತ್ತದ ಅಂತ ಆಕಿ ಮೊದಲ ಹೇಳಿಬಿಡತಾಳ, ಮುಚ್ಚಿಡೂದಿಲ್ಲ. ಆದ್ರೂ ಪ್ರತಿ ಪುಟದಾಗ ಅದು ಬಾಲ ಅಲ್ಲಾಡಿಸ್ಕೋತ ಬಂದಾಗ ಈಗ ಸಾಯ್ತೈತೇನೋ, ಈಗ ಸಾಯ್ತೈತೇನೋ ಅಂತ ಎದಿ ಹಿಡಕೊಂಡ ಓದೇನಿ. ಕಡೀಕ ಎಲ್ಲಿಂದೋ ಒಬ್ಬ ಗಂಡಸ ಬಂದು ಕೊಡ್ಲಿಲೆ ಹೋರಿನೂ ಕಡದು ನಾಯಿನೂ ಕೊಂದಾಗ, ಆಕಿ ಬಂದೂಕ ತಂದು ಅವನ ಹೊಡದಬಿಡತಾಳ. ಮನಶ್ಯಾರಂತ ಉಳದಾಂವ ಅವನೊಬ್ನ. ಆದ್ರೂ ಆಕಿ ಅಳೂದು ನಾಯಿಗೆ. ನನಗ ಅದು ತಪ್ಪ ಅನಸಲಿಲ್ಲ. ನಿಮಗ ಹೆಂಗ ಅನಸ್ತರೀ?

ಹುಲ್ಲುಬಣವೆ

ಶಿರಸಿ ಕಡೆಯವನು ನಾನು. ಮನೆಯಲ್ಲಿ ಈಗ ಮೂರು ಹಸು, ಮುಂಚೆ ಹನ್ನೊಂದು ಇದ್ದವು. ಸಾಹಿತ್ಯದ ವಿಚಾರ ನಿಮ್ಮಷ್ಟು ಗೊತ್ತಿಲ್ಲ. ತಂಗಿ ಕೊಟ್ಟಳು ಅಂತ ಓದಿದೆ.

ಒಂದು ಮಾತು ಖಾತ್ರಿಯಿಂದ ಹೇಳಬಲ್ಲೆ, ಕೊಟ್ಟಿಗೆ ಗೊತ್ತಿಲ್ಲದವರು ಬರೆದದ್ದಲ್ಲ ಇದು. ಬೆಲ್ಲಾ ಸಿಕ್ಕಿದ ದಿನ ನೋಡಿ. ಯಾರದೋ ಹಸು, ಹುಲ್ಲುಗಾವಲಲ್ಲಿ ಒಂಟಿಯಾಗಿ ನಿಂತು ನರಳುತ್ತ ಇದೆ. ಆಕೆ ಮೊದಲು ನೋಡುವುದು ಕೆಚ್ಚಲು. ಬಿಗಿದು ಕಲ್ಲಾಗಿದೆ. ಹಸು ಸಿಕ್ಕಿತು ಅಂತ ಸಂತೋಷ ಪಡುವ ಮುಂಚೆ ಕೂತು ಹಾಲು ಹಿಂಡಬೇಕು. ನಮ್ಮಲ್ಲಿ ಕರೆಯುವ ಹೊತ್ತು ಒಂದು ತಾಸು ತಪ್ಪಿದರೆ ಹಸುವಿನ ಕೂಗು ಕೇಳಲು ಆಗುವುದಿಲ್ಲ. ಮತ್ತೆ ಚಳಿಗಾಲದ ರಾತ್ರಿ ಬೆಲ್ಲಾ ಕರು ಹಾಕುವ ಭಾಗ. ಒಬ್ಬಳೇ ಹೆಂಗಸು, ದೀಪದ ಬೆಳಕು, ಕರುವಿನ ಮುಂಗಾಲು ಹಿಡಿದು ಎಳೆಯಬೇಕೋ ಕಾಯಬೇಕೋ ಅನ್ನುವ ಆ ಹೆದರಿಕೆ. ಓದುವಾಗ ನನ್ನ ಅಂಗೈ ಬೆವರಿತು. ನಾನು ಹಾಗೆ ಎಳೆದು ಒಂದು ಕರು ಉಳಿಸಿಕೊಂಡಿದ್ದೇನೆ, ಒಂದು ಕಳೆದುಕೊಂಡಿದ್ದೇನೆ.

ಹಳ್ಳದ ಬಯಲಲ್ಲಿ ಆಕೆ ಹುಲ್ಲು ಕೊಯ್ಯುವ ಭಾಗವೂ ಹಾಗೇ. ಅಲ್ಲಿನದು ಉದ್ದ ಹಿಡಿಯ ದೊಡ್ಡ ಕುಡುಗೋಲು, ನಿಂತೇ ಬೀಸುವುದು, ನಮ್ಮ ಹಾಗೆ ಕುಕ್ಕರಗಾಲಲ್ಲಿ ಕೂತು ಕೊಯ್ಯುವುದಲ್ಲ. ಆದರೆ ಎರಡನೇ ದಿನ ಮೈ ಏಳದೆ ಇರುವ ಆ ನೋವು ಒಂದೇ. ಹಸು ಇರುವವರಿಗೆ ಹಬ್ಬ ಇಲ್ಲ, ಜ್ವರ ಇಲ್ಲ, ಊರಿಗೆ ಹೋಗುವುದಿಲ್ಲ. ಆಕೆ ಗೋಡೆಯನ್ನು ಅಗೆದು ಆಚೆ ಹೋಗಲಿಲ್ಲ ಯಾಕೆ ಅಂತ ತಂಗಿ ಕೇಳಿದಳು. ಕೊಟ್ಟಿಗೆಯಲ್ಲಿ ಗಬ್ಬದ ಹಸು ಕಟ್ಟಿಕೊಂಡು ಯಾರು ಹೋಗುತ್ತಾರೆ?

ಓದುಮರುಳ

ಹುಲ್ಲುಬಣವೆ ಅವರೇ, ನಿಮ್ಮ ಕೊನೆಯ ಸಾಲು ಓದಿ ಪುಸ್ತಕವನ್ನು ಮತ್ತೆ ತೆರೆದೆ. ಆಕೆ ಅದನ್ನೇ ಹೇಳಿದ್ದಾಳೆ, ನಾನು ಓದಿಯೂ ಗಮನಿಸಿರಲಿಲ್ಲ. ಗೋಡೆಯ ಅಡಿ ಅಗೆಯುವ ವಿಚಾರ ಬರುತ್ತದೆ, ಪ್ರಾಣಿಗಳು ಇರುವವರೆಗೆ ಅದು ಸಾಧ್ಯವಿಲ್ಲ ಎಂದು ಪಕ್ಕಕ್ಕಿಡುತ್ತಾಳೆ. ಶೀತಲ ಸಮರದ ವಾದವನ್ನು ನಾನು ಪೂರ್ತಿ ಬಿಡುವುದಿಲ್ಲ, ಆದರೆ ‘ಮೊದಲು’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆಕೆಯ ಜೀವನದ ಬಗ್ಗೆ ಮಾತ್ರ ಒಂದು ಸಂಕಟ ಉಳಿಯುತ್ತದೆ. ವಿಯೆನ್ನಾದಲ್ಲಿ ಹುಟ್ಟಿದ್ದರೆ, ಸ್ವಂತ ಕೋಣೆ ಇದ್ದಿದ್ದರೆ, ಗಂಡನ ಕ್ಲಿನಿಕ್ಕು, ಮಕ್ಕಳ ಊಟ ಇಲ್ಲದಿದ್ದರೆ ಇನ್ನೆಷ್ಟು ಬರೆಯುತ್ತಿದ್ದಳೋ.

ಎನ್ಸ್‌ತೀರ

ಕೆಲಸದ ಮೇಲೆ ಉತ್ತರ ಆಸ್ಟ್ರಿಯಾದಲ್ಲಿ ಆರು ವರ್ಷದಿಂದ ಇದ್ದೇನೆ. ಶ್ಟೈಯರ್ ಇಲ್ಲಿಂದ ದೂರ ಇಲ್ಲ. ಎನ್ಸ್ ಮತ್ತು ಶ್ಟೈಯರ್ ನದಿಗಳು ಕೂಡುವ ಜಾಗದಲ್ಲಿ ಹಳೇ ಪೇಟೆ. ಬಂದೂಕು, ವಾಹನ ತಯಾರಿಸಿ ಹೆಸರಾದ ಊರು, ಸಾಹಿತ್ಯಕ್ಕೆ ಹೆಸರಾದದ್ದಲ್ಲ.

ಓದುಮರುಳ ಅವರ ಸಂಕಟಕ್ಕೆ ಎರಡು ಮಾತು. ಆಕೆ ಶ್ಟೈಯರ್‌ನಲ್ಲೇ ಹೂತುಹೋಗಿರಲಿಲ್ಲ. ರೈಲು ಹತ್ತಿ ವಿಯೆನ್ನಾಕ್ಕೆ ಹೋಗುತ್ತಿದ್ದಳು. ಅಲ್ಲಿ ಹೆರ್ಮನ್ ಹಾಕೆಲ್, ಆಮೇಲೆ ಹಾನ್ಸ್ ವೈಗೆಲ್, ಯುದ್ಧ ಮುಗಿದ ಮೇಲೆ ಹೊಸಬರನ್ನು ಸೇರಿಸಿ ಬೆಳೆಸಿದವರು. ವೈಗೆಲ್ ಕೂರುತ್ತಿದ್ದದ್ದು ಕಾಫೆ ರೈಮುಂಡ್‌ನಲ್ಲಿ. ಮುಂದೆ ಹೆಸರಾದ ಲೇಖಕಿಯರು ಇಂಗೆಬೋರ್ಗ್ ಬಾಖ್‌ಮನ್, ಇಲ್ಸೆ ಐಶಿಂಗರ್ ಇಬ್ಬರಿಗೂ ಆತನ ಬೆಂಬಲ ಇತ್ತು. ಹೌಸ್‌ಹೋಫರ್ ಆ ಮೇಜಿಗೂ ಸೇರಿದವಳು, ಶ್ಟೈಯರ್‌ನ ಅಡುಗೆಮನೆಯ ಮೇಜಿಗೂ ಸೇರಿದವಳು. ಅಲ್ಲಿ ಬರಹಗಾರ್ತಿ, ಇಲ್ಲಿ ಡಾಕ್ಟರ ಹೆಂಡತಿ. ಊರಿನವರಿಗೆ ಮೊದಲನೆಯದು ಅಷ್ಟಾಗಿ ಬೇಕಿರಲಿಲ್ಲ.

ಆಕೆ ಬೆಳೆದ ಕಣಿವೆಗೆ ನಾನು ಎರಡು ಸಲ ನಡೆದಿದ್ದೇನೆ. ಈಗ ಆ ಬೆಟ್ಟಸಾಲು 1997ರಲ್ಲಿ ಆದ ಕಾಲ್ಕ್‌ಆಲ್ಪೆನ್ ರಾಷ್ಟ್ರೀಯ ಉದ್ಯಾನದ ಭಾಗ. ಬೀಚ್ ಮತ್ತು ಸ್ಪ್ರೂಸ್ ಮರಗಳ ಕಾಡು, ಸುಣ್ಣಕಲ್ಲಿನ ಗುಡ್ಡ. ಬೇಸಿಗೆ ಬಂದಾಗ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಅಟ್ಟಿಕೊಂಡು ಹೋಗಿ ಶರತ್ಕಾಲದವರೆಗೆ ಅಲ್ಲೇ ಇರುವ ಪದ್ಧತಿ, ‘ಆಲ್ಮ್’ ಅನ್ನುತ್ತಾರೆ. ಕಾದಂಬರಿಯಲ್ಲಿ ಆಕೆ ಸಂತೋಷವಾಗಿರುವುದು ಅಲ್ಲಿ ಮಾತ್ರ. ನಾನು ಹೋದಾಗ ಮಂಜು ಇಳಿದಿತ್ತು, ಹತ್ತು ಹೆಜ್ಜೆ ಮುಂದೆ ಏನೂ ಕಾಣಿಸುತ್ತಿರಲಿಲ್ಲ. ಕೈ ಮುಂದೆ ಚಾಚಿಕೊಂಡು ನಡೆದೆ, ಪುಸ್ತಕ ಓದಿದವರೆಲ್ಲ ಹಾಗೇ ಮಾಡುತ್ತಾರೆ ಅನಿಸುತ್ತದೆ.

ಇನ್ನೊಂದು. ಆಕೆಯ ನೂರನೇ ಹುಟ್ಟುಹಬ್ಬ ಬಂದದ್ದು 2020ರ ಏಪ್ರಿಲ್‌ನಲ್ಲಿ. ಆಗ ಇಲ್ಲಿ ಲಾಕ್‌ಡೌನ್. ಬೀದಿಯಲ್ಲಿ ಯಾರೂ ಇಲ್ಲ. ನಾನು ‘ಗೋಡೆ’ ಮೊದಲು ಓದಿದ್ದು ಆ ವಾರದಲ್ಲಿ, ಒಂಟಿ ಕೋಣೆಯಲ್ಲಿ, ಊರಿಗೆ ಬರಲು ವಿಮಾನ ಇಲ್ಲದೆ.

ನವಿಲುಗರಿ

‘ಇನ್ನೆಷ್ಟು ಬರೆಯುತ್ತಿದ್ದಳೋ’ ಅನ್ನುವ ಮಾತಿಗೆ ನಾನೂ ಹೇಳಬೇಕು. ಸಂಸಾರ ಆಕೆಯ ಹೊತ್ತು ತಿಂದದ್ದು ನಿಜ, ಅದನ್ನು ಮುಚ್ಚುವುದು ಬೇಡ. ಆದರೆ ದಿನಕ್ಕೆ ಮೂರು ಹೊತ್ತು ಬೇಯಿಸಿ, ಬಟ್ಟೆ ಒಗೆದು, ಇನ್ನೊಬ್ಬರ ಹಸಿವನ್ನು ಅವರು ಹೇಳುವ ಮುಂಚೆ ತಿಳಿದುಕೊಂಡವಳಿಗೆ ಮಾತ್ರ ‘ಗೋಡೆ’ ಬರೆಯಲು ಸಾಧ್ಯವಿತ್ತು. ಜಗತ್ತು ಮುಗಿದ ಮೇಲೂ ಬೆಳಿಗ್ಗೆ ಎದ್ದು ಒಲೆ ಹೊತ್ತಿಸಬೇಕು ಎಂದು ಗೊತ್ತಿರುವವರು ಆ ಕೆಲಸ ಮಾಡಿದವರೇ. ಜಗತ್ತು ಮುಗಿಯುವ ಕತೆಗಳನ್ನು ಗಂಡಸರು ಬರೆದಾಗ ನಾಯಕ ಯಾರನ್ನಾದರೂ ಗೆಲ್ಲಬೇಕು, ರಾಜ್ಯ ಕಟ್ಟಬೇಕು. ಇಲ್ಲಿ ಹುರುಳಿಕಾಯಿ ಬೀಜ ಮುಂದಿನ ವರ್ಷಕ್ಕೆ ಎತ್ತಿಡಬೇಕು, ಅಷ್ಟೇ. ಆಕೆಯನ್ನು ಅಯ್ಯೋ ಪಾಪ ಅಂತ ಓದಬೇಡಿ. ಆ ದುಡಿಮೆಗೆ ಸಾಹಿತ್ಯದಲ್ಲಿ ಇಷ್ಟು ಗೌರವ ಕೊಟ್ಟವರು ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ಕೊನೆಯ ಕಾದಂಬರಿ ‘ಅಟ್ಟ’ ಕೂಡ ಓದಿ, 1969ರದು. ಒಂದು ಭಾನುವಾರದಿಂದ ಮುಂದಿನ ಭಾನುವಾರದವರೆಗಿನ ಕತೆ. ಗೃಹಿಣಿಯೊಬ್ಬಳು ಮನೆಗೆಲಸ ಮುಗಿಸಿ ಅಟ್ಟಕ್ಕೆ ಹೋಗಿ ಹಕ್ಕಿ, ಹುಳ ಬಿಡಿಸುತ್ತಾಳೆ. ಒಂಟಿ ಅಲ್ಲ ಅನಿಸುವಂಥ ಒಂದು ಹಕ್ಕಿಯನ್ನು ಬಿಡಿಸಬೇಕು ಅನ್ನುವುದೇ ಆಸೆ. ಆಗ ಅಂಚೆಯಲ್ಲಿ ಯಾರೋ ಅವಳದೇ ಹಳೇ ದಿನಚರಿಯ ಹಾಳೆಗಳನ್ನು ಕಳಿಸತೊಡಗುತ್ತಾರೆ, ಅವಳಿಗೆ ಇದ್ದಕ್ಕಿದ್ದಂತೆ ಕಿವಿ ಕೇಳದಾಗಿ ಮನೆಯವರು ಕಾಡಿಗೆ ಕಳಿಸಿದ್ದ ಕಾಲದ್ದು. ಓದುತ್ತಾಳೆ, ನೆಲಮಾಳಿಗೆಗೆ ಹೋಗಿ ಸುಡುತ್ತಾಳೆ, ಮೇಲೆ ಬಂದು ಅಡುಗೆ ಮಾಡುತ್ತಾಳೆ.

ಸಂಜೆಮಲ್ಲಿಗೆ

ಎಲ್ಲರಿಗೂ ಕೃತಜ್ಞತೆ. ಜ್ವಾಳದರೊಟ್ಟಿ ಅವರೇ, ನನಗೂ ತಪ್ಪು ಅನಿಸಲಿಲ್ಲ. ಆದರೆ ಆ ಗುಂಡು ಹಾರಿಸುವ ಜಾಗ ಪುಸ್ತಕದಲ್ಲಿ ಎಷ್ಟು ಪುಟ್ಟದು ನೋಡಿ. ಗಂಡಸಿನ ಹೆಸರಿಲ್ಲ, ಎಲ್ಲಿಂದ ಬಂದ ಅಂತ ಇಲ್ಲ. ಹುಲ್ಲು ಒಣಗಿಸಲು ಪುಟಗಟ್ಟಲೆ ಕೊಟ್ಟವಳು ಅವನಿಗೆ ಕೊಟ್ಟದ್ದು ಕೆಲವೇ ಸಾಲು. ಅವನ ಹೆಣವನ್ನು ಬಂಡೆಯಿಂದ ಕೆಳಗೆ ಉರುಳಿಸುತ್ತಾಳೆ, ನಾಯಿಗೆ ಗುಂಡಿ ತೋಡುತ್ತಾಳೆ.

ಈಗ ನನ್ನ ಎರಡು ತೊಡಕು. ಆಕೆ ತನ್ನ ಬರಹವನ್ನು ಕತೆ ಅನ್ನುವುದಿಲ್ಲ, ‘ಬೆರಿಶ್ಟ್’ ಅನ್ನುತ್ತಾಳೆ. ಕಚೇರಿಯಲ್ಲಿ, ಪೊಲೀಸರಲ್ಲಿ, ಪತ್ರಿಕೆಯಲ್ಲಿ ಬಳಸುವ ಪದ. ‘ವರದಿ’ ಎಂದು ಬರೆದೆ, ಕನ್ನಡದಲ್ಲಿ ತಕ್ಷಣ ಪತ್ರಿಕೆಯ ವಾಸನೆ ಬರುತ್ತದೆ. ‘ದಿನಚರಿ’ ಅಂದರೆ ಮೆತ್ತಗಾಗುತ್ತದೆ.

ಎರಡನೆಯದು ಇನ್ನೂ ಕಷ್ಟ. ಜರ್ಮನ್ನಿನಲ್ಲಿ ಹಸುವೂ ಬೆಕ್ಕೂ ‘ಅವಳು’, ನಾಯಿ ‘ಅವನು’. ನಾಯಿಯ ಹೆಸರು ಲುಕ್ಸ್, ಅದು ಒಂದು ಜಾತಿಯ ಕಾಡುಬೆಕ್ಕಿನ ಹೆಸರು. ಹೋರಿಗೆ ಹೆಸರೇ ಇಲ್ಲ, ‘ಹೋರಿ’ ಅಂತಲೇ ಹೆಸರು. ಕನ್ನಡದಲ್ಲಿ ಪ್ರಾಣಿಗೆ ‘ಅದು’. ಆದರೆ ಆಕೆಗೆ ಇವರೇ ಸಂಸಾರ. ‘ಅದು ಬಂತು’ ಅಂತ ಬರೆದರೆ ದೂರ ತಳ್ಳಿದ ಹಾಗೆ ಆಗುತ್ತದೆ, ‘ಬೆಲ್ಲಾ ಬಂದಳು’ ಅಂತ ಬರೆದರೆ ಮಕ್ಕಳ ಕತೆಯ ಹಾಗೆ ಕೇಳುತ್ತದೆ. ಮೂರು ಸಲ ಬದಲಾಯಿಸಿದೆ.

ಹುಲ್ಲುಬಣವೆ

ಅಕ್ಕಾ, ‘ಅದು’ ಅಂತ ಬರೆದರೆ ದೂರ ತಳ್ಳಿದ ಹಾಗೆ ಅಂತ ಯಾರು ಹೇಳಿದರು? ನಮ್ಮ ಹವ್ಯಕರ ಮಾತಲ್ಲಿ ಅಮ್ಮನಿಗೂ ‘ಅದು’, ಅಕ್ಕನಿಗೂ ‘ಅದು’, ಹೆಂಡತಿಗೂ ‘ಅದು’. ‘ಅಮ್ಮ ಬಂತು’ ಅನ್ನುತ್ತೇವೆ, ಪ್ರೀತಿ ಕಡಿಮೆ ಅಂತ ಅಲ್ಲ. ಉಳಿದ ಕಡೆಯವರೂ ಮಗುವಿಗೆ ‘ಅದು’ ಅನ್ನುತ್ತೀರಲ್ಲ, ‘ಮಗು ಅತ್ತಿತು’. ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳುವುದಕ್ಕೆ ಇರುವ ಪದ ಅದು. ನಮ್ಮ ಗೌರಿ ಕರು ಹಾಕಿದಾಗ ಯಾರೂ ‘ಹಾಕಿದಳು’ ಅನ್ನಲಿಲ್ಲ, ‘ಹಾಕ್ತು’ ಅಂದರು, ಅನ್ನುವಾಗ ಅಮ್ಮನ ಕಣ್ಣಲ್ಲಿ ನೀರಿತ್ತು.

ಎನ್ಸ್‌ತೀರ

ಇದು ಬಹಳ ಮುಖ್ಯ ಅನಿಸುತ್ತದೆ. ಜರ್ಮನ್ನಿನಲ್ಲೂ ಮಗು ನಪುಂಸಕವೇ, ‘ಹುಡುಗಿ’ ಅನ್ನುವ ಪದ ಕೂಡ ನಪುಂಸಕ. ಇನ್ನೂ ಒಂದು ನೆನಪಿಸುತ್ತೇನೆ. ಕಾಡಿನಲ್ಲಿ ದಿನ ಕಳೆದಂತೆ ಹೆಂಗಸುತನ ತನ್ನಿಂದ ಕಳಚಿ ಬಿತ್ತು ಎಂದು ಆಕೆಯೇ ಬರೆಯುತ್ತಾಳೆ. ಒಮ್ಮೆ ಮಗುವಿನ ಹಾಗೆ, ಒಮ್ಮೆ ಸೌದೆ ಕೊಯ್ಯುವ ಹುಡುಗನ ಹಾಗೆ, ಒಮ್ಮೆ ಗಂಡು ಹೆಣ್ಣು ಎರಡೂ ಅಲ್ಲದ ಮುದಿ ಜೀವದ ಹಾಗೆ. ಕೊನೆಗೆ ತಾನು ಮನುಷ್ಯರಿಗಿಂತ ಮರವನ್ನೇ ಹೆಚ್ಚು ಹೋಲುತ್ತೇನೆ ಅನ್ನುತ್ತಾಳೆ. ಆಕೆಯೇ ‘ಅದು’ ಕಡೆಗೆ ಸರಿಯುತ್ತಿದ್ದಾಳೆ. ಹಸುವನ್ನು ‘ಅವಳು’ ಮಾಡಿದರೆ ಆ ಸರಿಯುವಿಕೆ ಕನ್ನಡದಲ್ಲಿ ಕಳೆದುಹೋಗುತ್ತದೆ. ಜರ್ಮನ್ ಮಾಡಲಾಗದ್ದನ್ನು ಕನ್ನಡ ಇಲ್ಲಿ ಮಾಡುತ್ತದೆ.

ಜ್ವಾಳದರೊಟ್ಟಿ

ನಾನೂ ನಾಯಿಗೆ ‘ಅದು’ ಅಂತನ ಬರದೇನಿ ಮ್ಯಾಲೆ. ಬರಿಯೂಮುಂದ ಲಕ್ಷ್ಯಕ್ಕ ಬಂದಿರಲಿಲ್ಲ. ವರದಿ ಅಂತನ ಇಡ್ರಿ ಅಕ್ಕಾರ. ಕೋರ್ಟಿನ್ಯಾಗ ಹೇಳಿಕಿ ಕೊಟ್ಟಂಗ ಬರದಾಳ ಆಕಿ, ಅಳೂದನ್ನ ಒಳಗ ಇಟಗೊಂಡು.

ಸಂಜೆಮಲ್ಲಿಗೆ

ನಿನ್ನೆ ರಾತ್ರಿ ಹದಿನಾಲ್ಕು ಪುಟದಲ್ಲಿ ‘ಬಂದಳು’, ‘ನಿಂತಳು’ ಎಲ್ಲ ಹೊಡೆದುಹಾಕಿ ‘ಬಂತು’, ‘ನಿಂತಿತು’ ಮಾಡಿದೆ. ‘ವರದಿ’ ಉಳಿಸಿಕೊಂಡೆ. ಗಟ್ಟಿಯಾಗಿ ಓದಿದಾಗ ಬೆಲ್ಲಾ ನನ್ನ ಹತ್ತಿರ ಬಂದು ನಿಂತ ಹಾಗಾಯಿತು.

ತೀರಿಕೊಳ್ಳುವ ಕೆಲವು ವಾರ ಮುಂಚೆ, ಆ ವರ್ಷದ ಫೆಬ್ರವರಿ ಕೊನೆಯಲ್ಲಿ, ಆಕೆ ತನಗೆ ತಾನೇ ಒಂದು ಪುಟ ಬರೆದುಕೊಂಡಿದ್ದಳು. ಚಿಂತೆ ಮಾಡಬೇಡ, ನಿನ್ನ ಹಿಂದಿನ ಎಲ್ಲರ ಹಾಗೇ ನೀನೂ ನೋಡಿದೆ, ಅತ್ತೆ, ಪ್ರೀತಿಸಿದೆ, ಇದು ಮಾಮೂಲಿ ಕತೆ, ಅನ್ನುವ ಧಾಟಿಯದು. ಅದರ ಕನ್ನಡಕ್ಕೆ ಇನ್ನೂ ಕೈ ಹಾಕಿಲ್ಲ. ಮೊದಲು ಕೊಟ್ಟಿಗೆಯ ಪುಟಗಳು.

ಹುಲ್ಲುಬಣವೆ ಅವರೇ, ಕರು ಹಾಕುವ ಭಾಗ ನಿಮಗೆ ಕಳಿಸಿದ್ದೇನೆ. ಸತ್ತೆ (ಮಾಸು) ಬೀಳುವುದು, ಗಿಣ್ಣದ ಹಾಲು, ಇಂಥ ಪದಗಳು ಜಾಗಕ್ಕೆ ಸರಿಯಾಗಿ ಬಿದ್ದಿವೆಯೋ ನೋಡಿ. ಕರುವನ್ನು ಬೆಲ್ಲಾ ನೆಕ್ಕುವ ಕಡೆ ನನ್ನ ಸಾಲು ಇನ್ನೂ ಒಣಗಿದ ಹಾಗಿದೆ, ಅಲ್ಲಿ ಕೆಂಪು ಗೆರೆ ಎಳೆದಿದ್ದೇನೆ.